ಗೆದ್ದ ಆಟವನ್ನು ಡ್ರಾ ಮಾಡಿಕೊಳ್ಳುವ ಎಂಜಿನ್

ಹವ್ಯಾಸಿಗಳು ಬರೆದ ಚೆಸ್ ಎಂಜಿನ್‌ಗಳು ಮಿಡಲ್‌ಗೇಮ್‌ನಲ್ಲಿ ಚೆನ್ನಾಗಿಯೇ ಕಾದಾಡುತ್ತವೆ. ಒಂಟಿ ರಾಜನ ಎದುರು ಒಂದು ಆನೆ ಉಳಿದಾಗ ಮಾತ್ರ ಅದನ್ನು ಅತ್ತಿತ್ತ ಓಡಾಡಿಸುತ್ತಾ 50 ನಡೆ ಕಳೆದುಬಿಡುತ್ತವೆ; ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಅಷ್ಟು ನಡೆ ಕಳೆದರೆ ಆಟ ಡ್ರಾ. ಎಲ್ಲ ನಡೆಗೂ +5 ಎಂದೇ ಅಂಕ ಬಂದರೆ ಅದಾದರೂ ಯಾವುದನ್ನು ಆರಿಸೀತು?

ಮೊದಲು ಅಂಕಕ್ಕೆ ದಿಕ್ಕು ಕೊಡಿ. 1970ರ ದಶಕದ ಚೆಸ್ 4.x ಎಂಜಿನ್‌ನ ಸೂತ್ರ ಇವತ್ತಿಗೂ ಸಾಕು: 4.7 × (ಸೋಲುವ ರಾಜ ನಡುಮನೆಗಳಿಂದ ಇರುವ ದೂರ) + 1.6 × (14 − ರಾಜರಿಬ್ಬರ ಅಂತರ). ಎರಡೂ ದೂರ ಮ್ಯಾನ್‌ಹಟನ್ ಲೆಕ್ಕದಲ್ಲಿ, ಅಂದರೆ ಅಡ್ಡ ಮನೆಗಳು ಮತ್ತು ಉದ್ದ ಮನೆಗಳ ಮೊತ್ತ. ಒಂಟೆ-ಕುದುರೆ ಮೇಟ್‌ಗೆ ಮಾತ್ರ ಇದು ಸಾಲದು. ಅಲ್ಲಿ ಒಂಟೆಯ ಬಣ್ಣದ ಮೂಲೆಗೇ ರಾಜನನ್ನು ಅಟ್ಟಬೇಕು. ತಪ್ಪಿಲ್ಲದೆ ಆಡಿದರೂ 33 ನಡೆಯವರೆಗೆ ಹಿಡಿಯುತ್ತದೆ.

ಕಾಲಾಳುಗಳ ಆಟದಲ್ಲಿ ಕಳ್ಳ ಬೇರೆ: ನಲ್ ಮೂವ್ ಪ್ರೂನಿಂಗ್. ಸರದಿ ಬಿಟ್ಟುಕೊಟ್ಟರೂ ಸ್ಥಿತಿ ಚೆನ್ನಾಗಿದ್ದರೆ ಆ ಕೊಂಬೆಯನ್ನು ಕಡಿಯಬಹುದು ಎಂಬುದು ಅದರ ತರ್ಕ. ನಡೆಯಲೇಬೇಕಾದ್ದರಿಂದಲೇ ಸೋಲುವ ಜುಗ್‌ಜ್ವಾಂಗ್‌ನಲ್ಲಿ ಇದು ತಲೆಕೆಳಗಾಗುತ್ತದೆ. ಆಡುವವರ ಬಳಿ ರಾಜ, ಕಾಲಾಳು ಮಾತ್ರ ಇದ್ದರೆ ಅದನ್ನು ಆಫ್ ಮಾಡಿ. ಒಂದೇ ಕಾಲಾಳಿನ ಆಟಕ್ಕಂತೂ ಸರ್ಚೇ (ನಡೆಗಳ ಹುಡುಕಾಟವೇ) ಬೇಡ, ಪ್ರತಿ ಸ್ಥಿತಿಗೂ ಗೆಲುವೋ ಅಲ್ಲವೋ ಎಂದು ಮೊದಲೇ ಪಟ್ಟಿ ಮಾಡಿಡಬಹುದು. ಕನ್ನಡಿ ಬಿಂಬಗಳನ್ನು ಬಿಟ್ಟರೆ ಕಾಲಾಳಿಗೆ 24 ಮನೆ. ಕಾಲಾಳು, ಇಬ್ಬರು ರಾಜರು, ಸರದಿ ಸೇರಿ 24 × 64 × 64 × 2, ಸ್ಥಿತಿಗೊಂದು ಬಿಟ್‌ನಂತೆ 24 ಕೆಬಿ.

ಇನ್ನು ಸಿಜಿಜಿ ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿ ಉಳಿದ ಸ್ಥಿತಿಗಳ ಉತ್ತರವನ್ನು ಮೊದಲೇ ಲೆಕ್ಕ ಹಾಕಿಟ್ಟ ಫೈಲುಗಳು. 5 ಕಾಯಿವರೆಗಿನದು ಸುಮಾರು 1 ಜಿಬಿ, 6ರದ್ದು 150 ಜಿಬಿ ಆಸುಪಾಸು. ಹವ್ಯಾಸಕ್ಕೆ 5 ಧಾರಾಳ. 6 ಬೇಕೆಂದರೆ ಎಸ್‌ಎಸ್‌ಡಿಯಲ್ಲೇ ಇಡಿ, ತಿರುಗುವ ಡಿಸ್ಕಿನಲ್ಲಿ ಸರ್ಚ್ ಕುಂಟುತ್ತದೆ. ಅದರಲ್ಲಿ ಡಬ್ಲ್ಯೂಡಿಎಲ್ ಫೈಲು ಗೆಲುವೋ ಡ್ರಾನೋ ಸೋಲೋ ಎಂದಷ್ಟೇ ಹೇಳುತ್ತದೆ. ಇದನ್ನೊಂದೇ ನಂಬಿದ ಎಂಜಿನ್ ಮತ್ತೆ ಅದೇ ಅಲೆದಾಟಕ್ಕೆ ಬೀಳುತ್ತದೆ, ಏಕೆಂದರೆ ಗೆಲುವಿನ ನಡೆಗಳೆಲ್ಲ ಅದಕ್ಕೆ ಸಮ. ಸರ್ಚ್ ಒಳಗೆ ಡಬ್ಲ್ಯೂಡಿಎಲ್ ಕೇಳಿ, ಅದೂ 50 ನಡೆಯ ಎಣಿಕೆ ಸೊನ್ನೆ ಇರುವ ಸ್ಥಿತಿಗಳಲ್ಲಿ ಮಾತ್ರ. ಫೈಲಿನ ಉತ್ತರ ಆ ಸೊನ್ನೆಯನ್ನು ನಂಬಿಯೇ ಬರೆದದ್ದು. ರೂಟ್‌ನಲ್ಲಿ, ಅಂದರೆ ಈಗ ಆಡಬೇಕಾದ ಸ್ಥಿತಿಯಲ್ಲಿ, ಡಿಟಿಜೆಡ್ (ಆ ಎಣಿಕೆ ಮತ್ತೆ ಸೊನ್ನೆಯಾಗಲು ಎಷ್ಟು ನಡೆ ಎಂದು ಹೇಳುವ ಫೈಲು) ಬಳಸಿ ಗೆಲುವು ಕೆಡಿಸುವ ನಡೆಗಳನ್ನು ತೆಗೆದುಹಾಕಿ, ಉಳಿದವನ್ನು ಮಾಮೂಲಿ ಸರ್ಚ್‌ಗೆ ಬಿಡಿ. ಡಿಟಿಜೆಡ್ ಹೇಳಿದ್ದನ್ನೇ ಕಣ್ಣುಮುಚ್ಚಿ ಆಡಿದರೆ ಎಣಿಕೆ ಸೊನ್ನೆ ಮಾಡುವ ಭರದಲ್ಲಿ ಕಾಯಿಗಳನ್ನೇ ಬಲಿ ಕೊಡುತ್ತದೆ, ನೋಡಲಿಕ್ಕೇ ಅಸಹ್ಯ. ಸ್ಥಿತಿ ಒಮ್ಮೆ ಮರುಕಳಿಸಿತೋ, ಆಗ ಮಾತ್ರ ಡಿಟಿಜೆಡ್ ಮಾತೇ ಅಂತಿಮ.

ಹ್ಯಾಷ್ ಟೇಬಲ್ (ಒಮ್ಮೆ ನೋಡಿದ ಸ್ಥಿತಿಗಳ ಫಲಿತಾಂಶ ನೆನಪಿಡುವ ಪಟ್ಟಿ) ಸರಿಯಿದೆಯೇ ಎಂದು ನೋಡಲು ಫೈನ್ 70 ಸ್ಥಿತಿ (ರೂಬೆನ್ ಫೈನ್ ಪುಸ್ತಕದ 70ನೆಯದು) ಕೊಡಿ: ಬಿಳಿ ರಾಜ ಎ1, ಕಾಲಾಳುಗಳು ಎ4, ಡಿ4, ಡಿ5, ಎಫ್4, ಕಪ್ಪು ರಾಜ ಎ7, ಕಾಲಾಳುಗಳು ಎ5, ಡಿ6, ಎಫ್5. ಬಿಳಿಗೆ ಇರುವುದೇ ಮೂರು ನಡೆ, ಗೆಲ್ಲುವುದು ರಾಜ ಬಿ1 ಒಂದೇ. ಹ್ಯಾಷ್ ಸರಿಯಿದ್ದರೆ ಉತ್ತರ ಥಟ್ಟನೆ ಬರುತ್ತದೆ. ಫ್ಯಾನ್ ಜೋರಾಗಿ ತಿರುಗತೊಡಗಿದರೆ ಬಗ್ ಹುಡುಕಲು ಕೂರಿ.