ಮಳೆಯ ಸಂಜೆಗೆ ಹಾಡುಗಳನ್ನು ಆರಿಸುವಾಗ

ಪಲ್ಲವಿಯಲ್ಲಿ ಮಳೆಯೆಂಬ ಪದವಿರುವ ಹಾಡುಗಳನ್ನೆಲ್ಲ ಸಾಲಾಗಿ ಜೋಡಿಸಿಬಿಟ್ಟರೆ ಮಳೆಯ ಕಾರ್ಯಕ್ರಮ ಸಿದ್ಧವಾಗುವುದಿಲ್ಲ. ಚಿತ್ರಗೀತೆಗಳಲ್ಲಿ ಮಳೆ ಬರುವುದು ಬಹುಪಾಲು ಪ್ರೇಮಿಗಳನ್ನು ನೆನೆಸುವುದಕ್ಕಾಗಿಯೇ. ಲಯವೂ ಹೆಚ್ಚುಕಡಿಮೆ ಒಂದೇ ಆಗಿರುವ ಅಂಥ ಹಾಡುಗಳನ್ನು ಒಂದರ ಹಿಂದೊಂದು ನುಡಿಸಿದರೆ ನಾಲ್ಕನೆಯದು ಮುಗಿಯುವಷ್ಟರಲ್ಲಿ ಸಭೆ ಚಹಾಕ್ಕೆಂದು ಏಳುತ್ತದೆ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ನಮ್ಮ ವಾದ್ಯತಂಡ ನಡೆಸಲಿರುವ ಒಂದೂವರೆ ಗಂಟೆಯ ಕಾರ್ಯಕ್ರಮಕ್ಕೆ ಹಾಡುಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಈ ಊರಿನ ಕೇಳುಗರಿಗೆ ಮಳೆಯೆಂದರೆ ಏನು ಎಂಬುದನ್ನೇ ಮೊದಲು ಯೋಚಿಸಿದೆ.

ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಮಳೆಗಳಿವೆ. ಕಡೂರಿನ ಕಡೆಯವರು ಮುಗಿಲು ನೋಡುತ್ತ ಕಾಯುತ್ತಾರೆ. ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ಆರಿದ್ರಾ ಮಳೆ ಹಿಡಿದರೆ ಯಾವಾಗ ಬಿಟ್ಟೀತೆಂದು ಕಾಯುತ್ತಾರೆ. ಕಾಫಿ ಬೆಳೆಗಾರರ ಲೆಕ್ಕವಂತೂ ಬೇರೆಯೇ: ಮಾರ್ಚ್, ಏಪ್ರಿಲ್‌ನಲ್ಲಿ ಗಿಡ ಹೂಬಿಡಲು ಬೇಕಾದ ಹೂಮಳೆ ಬೀಳದಿದ್ದರೆ ನಿದ್ದೆಯಿಲ್ಲ, ಹಣ್ಣು ಕೊಯ್ದು ಕಣದಲ್ಲಿ ಹರಡಿದ ಮೇಲೆ ಬಿದ್ದರೂ ನಿದ್ದೆಯಿಲ್ಲ. ಇವರೆಲ್ಲರೂ ಒಂದೇ ಸಭಾಂಗಣದಲ್ಲಿ ಕೂರುವುದರಿಂದ, ಕಾಯುವಿಕೆ, ಮೊದಲ ಹನಿ, ಬಿಡದೆ ಸುರಿಯುವ ದಿನಗಳು, ಮಳೆ ನಿಂತು ಹೊಳವಾಗುವುದು ಎಂಬ ಕ್ರಮದಲ್ಲಿ ಹಾಡುಗಳನ್ನು ಇಡುವುದೆಂದು ನಿರ್ಧರಿಸಿದೆ. ಹಾಡು ಯಾವ ವರ್ಷದ್ದು, ಯಾವ ನಟನದ್ದು ಎಂಬುದು ಈ ಜೋಡಣೆಯಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಕಾಯುವ ಭಾಗಕ್ಕೆ ಅಮೃತವರ್ಷಿಣಿ ರಾಗದ ಚಿಕ್ಕ ಆಲಾಪನೆಯನ್ನು ಕೊಳಲಿನಲ್ಲಿ ಇಟ್ಟಿದ್ದೇವೆ. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರು ತಮಿಳುನಾಡಿನ ಎಟ್ಟಯಪುರದ ಬರದಲ್ಲಿ ಈ ರಾಗ ಹಾಡಿ ಮಳೆ ತರಿಸಿದರೆಂಬ ಕಥೆಯನ್ನು ನಿರೂಪಕರು ಹೇಳಲೇಬೇಕೆಂದು ಹಟ ಹಿಡಿದಿದ್ದಾರೆ. ಎರಡು ವಾಕ್ಯಕ್ಕೆ ಮೀರಬಾರದೆಂದು ನಾನು ಹಟ ಹಿಡಿದಿದ್ದೇನೆ. ರಿಷಭ, ಧೈವತಗಳಿಲ್ಲದ ಐದು ಸ್ವರಗಳ ರಾಗವಾದ್ದರಿಂದ ಗಿಟಾರ್ ನುಡಿಸುವವರು ಸುಮ್ಮನೆ ಷಡ್ಜ, ಪಂಚಮಗಳನ್ನು ಹಿಡಿದುಕೊಂಡಿದ್ದರೆ ಸಾಕು, ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ತುಂಬಿದ ಕಾರ್ಡುಗಳು ಅಲ್ಲಿ ಅಡ್ಡ ಬರುತ್ತವೆ.

ಅದು ನಿಂತ ಕೂಡಲೇ ತಮಟೆಯೊಂದಿಗೆ ‘ಮಾಯದಂಥ ಮಳೆ ಬಂತಣ್ಣ ಮದಗದ ಕೆರೆಗೆ’ ಬರುತ್ತದೆ. ಇಡೀ ಪಟ್ಟಿಯಲ್ಲಿ ನಾನು ಯಾರಿಗೂ ಬಿಟ್ಟುಕೊಡದ ಹಾಡು ಇದೊಂದೇ. ಮದಗದ ಕೆರೆ ನಮ್ಮ ಕಡೂರು ತಾಲ್ಲೂಕಿನಲ್ಲೇ ಇದೆ, ಸಭೆಯಲ್ಲಿ ಅದರ ಏರಿಯ ಮೇಲೆ ಓಡಾಡಿದವರು ಖಂಡಿತ ಇರುತ್ತಾರೆ. ಇದನ್ನು ಡ್ರಮ್ಸ್ ಹಾಕಿ ವೇಗವಾಗಿ ನುಡಿಸೋಣವೆಂಬ ಸಲಹೆಯೂ ಬಂದಿತ್ತು. ಆದರೆ ಅಂಗೈಯಗಲದ ಮೋಡದಿಂದ ಶುರುವಾಗಿ ಕೆರೆಯನ್ನೇ ನಡುಗಿಸುವ ತನಕ ಬೆಳೆಯುವ ಕಥನವದು. ಮೊದಲ ಸೊಲ್ಲಿಗೇ ಸದ್ದು ಮುಗಿಲು ಮುಟ್ಟಿದರೆ ಮುಂದೆ ಬೆಳೆಯಲು ಜಾಗವೆಲ್ಲಿ? ಆದ್ದರಿಂದ ಡ್ರಮ್ಸ್ ಕೊನೆಯ ಎರಡು ನುಡಿಗಳಿಗೆ ಮಾತ್ರ.

‘ಮುಂಗಾರು ಮಳೆ’ಯ ಶೀರ್ಷಿಕೆ ಗೀತೆಯನ್ನು ಕೈಬಿಡುವ ಧೈರ್ಯ ಯಾರಿಗೂ ಇರಲಿಲ್ಲ. 2006ರ ಡಿಸೆಂಬರ್ ಕೊನೆಯಲ್ಲಿ, ಅಂದರೆ ಮುಂಗಾರು ಮುಗಿದು ಎಷ್ಟೋ ದಿನವಾದ ಮೇಲೆ ತೆರೆಕಂಡ ಆ ಚಿತ್ರಕ್ಕೆ ನೆರೆಯ ಸಕಲೇಶಪುರದ ಮಳೆ, ಮಂಜುಗಳ ನಂಟಿದೆ. ಸೋನು ನಿಗಮ್ ಅವರ ಶ್ರುತಿ ನಮ್ಮ ಗಾಯಕಿಗೆ ಹೊಂದದ ಕಾರಣ ಹಾಡನ್ನು ಅವರ ಮನೆಗೆ, ಅಂದರೆ ಅವರ ಶ್ರುತಿಗೆ, ತಂದುಕೊಂಡಿದ್ದೇವೆ. ಬಿಡದೆ ಸುರಿಯುವ ಭಾಗಕ್ಕೆ ಬೇಂದ್ರೆಯವರ ಶ್ರಾವಣದ ಕವಿತೆಯಿದೆ. ಹೊಳವಾಗುವ ಭಾಗದಲ್ಲಿ ಪಲ್ಲವಿ, ಚರಣ ಎಲ್ಲೂ ಮಳೆಯ ಹೆಸರೆತ್ತದ ಎರಡು ಭಾವಗೀತೆಗಳನ್ನು ಬೇಕೆಂದೇ ಇಟ್ಟಿದ್ದೇನೆ. ಅವು ವಿಷಯಕ್ಕೆ ಹೊರತಲ್ಲವೇ ಎಂಬ ತಕರಾರು ತಂಡದಲ್ಲಿ ಇನ್ನೂ ಇದೆ.

ತೇವದ ಹವೆಗೆ ತಬಲದ ಚರ್ಮ ಸಡಿಲವಾಗುವುದರಿಂದ ತಬಲ ಬೇಕಾದ ಹಾಡುಗಳನ್ನು ಒಟ್ಟಿಗೆ ಇಟ್ಟು, ಅವು ಶುರುವಾಗುವ ಮೊದಲು ಶ್ರುತಿ ಮಾಡಿಕೊಳ್ಳಲು ನಿರೂಪಣೆಗೆ ಬಿಡುವು ಕೊಟ್ಟಿದ್ದೇವೆ. ಕರೆಂಟ್ ಹೋದರೆ ಹಾಡಲು ಎರಡು ಜನಪದ ಗೀತೆಗಳನ್ನು ಮೈಕ್ ಇಲ್ಲದೆ, ತಮಟೆಯೊಂದನ್ನೇ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇವೆ.