ಬೆಂಚ್ ಹಿಂದೆ ನಿಲ್ಲೋದು ಬೇರೆಯದೇ ಕೆಲಸ

ಐಸ್ ಹಾಕಿಯಲ್ಲಿ ದೊಡ್ಡ ಆಟಗಾರ ಆಗಿದ್ದವನು ದೊಡ್ಡ ಕೋಚ್ ಆಗೇ ಆಗ್ತಾನೆ ಅನ್ನೋ ಲೆಕ್ಕ ನಿಲ್ಲಲ್ಲ. ವೇಯ್ನ್ ಗ್ರೆಟ್ಸ್ಕಿಯಂಥವರೇ 2005ರಿಂದ ನಾಲ್ಕು ಸೀಸನ್, ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನಲ್ಲಿ, ಫೀನಿಕ್ಸ್ ತಂಡದ ಕೋಚ್ ಆಗಿದ್ದರೂ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ರಾಡ್ ಬ್ರಿಂಡಮೋರ್ 2006ರಲ್ಲಿ ಕೆರೊಲಿನಾ ತಂಡದ ನಾಯಕನಾಗಿ ಅದೇ ಲೀಗ್‌ನ ಟ್ರೋಫಿಯಾದ ಸ್ಟಾನ್ಲಿ ಕಪ್ ಎತ್ತಿದವರು. 2010ರಲ್ಲಿ ನಿವೃತ್ತಿ, 2011ರಿಂದ ಅದೇ ತಂಡದ ಸಹಾಯಕ ಕೋಚ್, 2018ರಲ್ಲಷ್ಟೇ ಮುಖ್ಯ ಕೋಚ್. ನಡುವಿನ ಆ ಏಳು ವರ್ಷವೇ ಅವರನ್ನು ಕೋಚ್ ಮಾಡಿದ್ದು ಅಂತ ನನ್ನ ನಂಬಿಕೆ. 2021ರಲ್ಲಿ ವರ್ಷದ ಕೋಚ್‌ಗೆ ಕೊಡುವ ಜ್ಯಾಕ್ ಆಡಮ್ಸ್ ಪ್ರಶಸ್ತಿಯೂ ಬಂತು.

ಕಲಿಯೋಕೆ ಅಷ್ಟೇನಿದೆ ಅಂತೀರಾ? ಒಂದು ಶಿಫ್ಟ್, ಅಂದ್ರೆ ಆಟಗಾರ ಒಮ್ಮೆ ಇಳಿದು ಬೆಂಚಿಗೆ ಮರಳೋವರೆಗಿನ ಹೊತ್ತು, ಸುಮಾರು 45 ಸೆಕೆಂಡ್; ಆಟ ನಡೀತಿರುವಾಗಲೇ ಆಟಗಾರರು ಬದಲಾಗ್ತಾರೆ. ಆಟದ ಮೂರು ಭಾಗಗಳಲ್ಲಿ ಎರಡನೇದರಲ್ಲಿ (ಎರಡನೇ ಪೀರಿಯಡ್) ತಂಡಗಳು ತುದಿ ಬದಲಿಸ್ತವೆ, ತಮ್ಮ ಗೋಲು ಬೆಂಚ್‌ನಿಂದ ದೂರ ಹೋಗುತ್ತೆ. ಡಿಫೆನ್ಸ್ ಜೋಡಿ ಅಲ್ಲೇ ಸಿಕ್ಕಿಕೊಂಡ್ರೆ ಬೆಂಚಿಗೆ ವಾಪಸ್ ಬರೋಕೆ ದಾರಿಯೇ ಇಲ್ಲ. ಸುಸ್ತಾದವನು ಪಕ್ ಅನ್ನು (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಅಲ್ಲಿಂದಲೇ ಆಚೆ ತುದಿಗೆ ಹೊಡೆದ್ರೆ ಐಸಿಂಗ್ ಅನ್ನೋ ತಪ್ಪು. ಆಟ ಮತ್ತೆ ಶುರುವಾಗುವ ಫೇಸ್‌ಆಫ್ ತಮ್ಮ ಗೋಲಿನ ಬಳಿಯೇ, ಎನ್‌ಎಚ್‌ಎಲ್ ನಿಯಮದಂತೆ ದಣಿದ ಅದೇ ಐವರು ಆಡಬೇಕು. ಎದುರಾಳಿ ಮಾತ್ರ ತಾಜಾ ಆಟಗಾರರನ್ನು ಇಳಿಸ್ತಾನೆ. ಪಕ್ ನಡುವಿನ ಕೆಂಪು ಗೆರೆ ದಾಟಲಿ, ಆಮೇಲೆ ಒಳಕ್ಕೆ ತಳ್ಳಿ ಬದಲಾಗಿ ಅಂತ ಕೋಚ್‌ಗಳು ಗಂಟಲು ಹರಿದುಕೊಳ್ಳೋದು ಇದಕ್ಕೇ. ಆ ಅವಸರದಲ್ಲಿ ಬೆಂಚಿನವನು ಬೇಗ ಜಿಗಿದು ಆಟಕ್ಕಿಳಿದ್ರೆ ಹೆಚ್ಚುವರಿ ಆಟಗಾರನ ತಪ್ಪು, 2 ನಿಮಿಷ ಒಬ್ಬ ಕಡಿಮೆ. ಆಟಗಾರನಾಗಿದ್ದಾಗ ತನ್ನ ಶಿಫ್ಟ್ ನೋಡಿಕೊಂಡ್ರೆ ಸಾಕಿತ್ತು, ಈಗ ಬೆಂಚಿನಲ್ಲಿರೋ ಎಲ್ಲರ ಉಸಿರನ್ನೂ ಗಮನಿಸಬೇಕು.