ಅಡಿಕೆ ಸುಲಿಯುವವರ ಸೊಂಟನೋವೂ ಚೀನಾದ ಸೂಜಿಯೂ

ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆ ಸೊಂಟ ಹಿಡಿದವರಿಲ್ಲದ ಮನೆ ಸಿಗುವುದು ಅಪರೂಪ. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಬಗ್ಗಿ ಕುಳಿತು ಹಸಿ ಅಡಿಕೆ ಸುಲಿಯುವ ಹೆಂಗಸರು ಮೊದಲೆಲ್ಲ ನೋವಿನೆಣ್ಣೆ, ಬಿಸಿನೀರು, ಮಾತ್ರೆ ಎಂದು ದಿನ ದೂಡುತ್ತಿದ್ದರು. ಈಗ ಅವರಲ್ಲಿ ಕೆಲವರು ಶಿವಮೊಗ್ಗದ ಬಸ್ಸು ಹತ್ತಿ, ಮೈಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆಯಾದ ಅಕ್ಯುಪಂಕ್ಚರ್ ಮಾಡಿಸಿಕೊಂಡು ಬರುತ್ತಾರೆ. ಇದನ್ನು ನಂಬಬಹುದೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ನೋವಿಗಾದರೆ ಹೋಗಿ ನೋಡಿ, ಆದರೆ ನೋವು ಇಳಿಯಿತೆಂಬ ಕಾರಣಕ್ಕೆ ಚಿಕಿತ್ಸಾಲಯದ ಗೋಡೆಯ ಮೇಲಿನ ನಕ್ಷೆಯನ್ನೆಲ್ಲ ನಿಜವೆಂದು ಒಪ್ಪಬೇಕಾಗಿಲ್ಲ.

ಆ ನಕ್ಷೆಯಲ್ಲಿ ದೇಹದುದ್ದಕ್ಕೂ 14 ನಾಡಿಮಾರ್ಗಗಳೂ ಅವುಗಳ ಮೇಲೆ 361 ಬಿಂದುಗಳೂ ಇರುತ್ತವೆ. ಆ ಮಾರ್ಗಗಳಲ್ಲಿ ಹರಿಯುವ ಪ್ರಾಣಶಕ್ತಿಗೆ ತಡೆಯುಂಟಾದರೆ ರೋಗ ಬರುತ್ತದೆ, ಸೂಜಿಯಿಂದ ಆ ತಡೆ ನಿವಾರಣೆಯಾಗುತ್ತದೆ ಎಂಬುದು ಚೀನೀ ವೈದ್ಯದ ಮಾತು. 11ನೇ ಶತಮಾನದ ಸುಂಗ್ ರಾಜವಂಶದ ಕಾಲದಲ್ಲಿ ವಾಂಗ್ ವೇಯಿ-ಯಿ ಎಂಬ ವೈದ್ಯಾಧಿಕಾರಿ ಆಳೆತ್ತರದ ಕಂಚಿನ ಪ್ರತಿಮೆ ಮಾಡಿಸಿ, ಬಿಂದುಗಳಿರುವಲ್ಲೆಲ್ಲ ರಂಧ್ರ ಕೊರೆಸಿದ್ದ. ಪರೀಕ್ಷೆಯ ದಿನ ಅದರೊಳಗೆ ದ್ರವ ತುಂಬಿ ಹೊರಗೆ ಮೇಣ ಬಳಿಯುತ್ತಿದ್ದರು. ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ತಾಗಿದರೆ ದ್ರವ ಹೊರಗೆ ಬರುತ್ತಿತ್ತು. ಇಷ್ಟು ಶಿಸ್ತಿನಿಂದ ಕಲಿಸಿದ ವಿದ್ಯೆಯಾದರೂ ಮನುಷ್ಯನ ದೇಹವನ್ನು ಕೊಯ್ದು ನೋಡಿದಾಗ ಆ ಮಾರ್ಗಗಳು ಯಾರಿಗೂ ಕಂಡಿಲ್ಲ.

ಈ ಪರಂಪರೆ ಅಖಂಡವಾಗಿ ಹರಿದುಬಂದಿದೆ ಎಂಬ ಮಾತೂ ಪೂರ್ತಿ ಸರಿಯಲ್ಲ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಸಂಸ್ಥೆಯಿಂದ ಅಕ್ಯುಪಂಕ್ಚರನ್ನು ಹೊರಹಾಕಿಸಿದ್ದ. ಇಂದು ನಾವು ನೋಡುವ ವ್ಯವಸ್ಥಿತ ರೂಪ ಬಹುಮಟ್ಟಿಗೆ 1950ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಕಟ್ಟಿಕೊಟ್ಟದ್ದು. ಅಲ್ಲಿಂದ ಅದನ್ನು ಭಾರತಕ್ಕೆ ತಂದವರು ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಯುದ್ಧದ ಗಾಯಾಳುಗಳ ಆರೈಕೆಗೆಂದು ಡಾ. ದ್ವಾರಕಾನಾಥ ಕೋಟ್ನೀಸರ ಜೊತೆ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಅವರೂ ಒಬ್ಬರು. ಕೋಟ್ನೀಸರ ಹೆಸರು ಬಲ್ಲ ನಮ್ಮಲ್ಲಿ ಬಸು ಅವರ ಹೆಸರು ಬಲ್ಲವರು ಕಡಿಮೆ.

ನಮ್ಮ ಅತ್ತಿಗೆಯ ಜೊತೆ ಹೋದಾಗ ನಾನು ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. ಅಳತೆಗೆ ಟೇಪು ಇರಲಿಲ್ಲ. ಅತ್ತಿಗೆಯದೇ ಹೆಬ್ಬೆರಳಿನ ಅಗಲವನ್ನು ಮಾನವಾಗಿಟ್ಟುಕೊಂಡು, ಆ ಲೆಕ್ಕದಲ್ಲಿ ಬೆನ್ನಿನ ಮೇಲೆ ಬಿಂದುಗಳನ್ನು ಗುರುತಿಸಿದರು. ಸೂಜಿ ಕೂದಲಿಗಿಂತ ತುಸು ದಪ್ಪ, ಇಂಜೆಕ್ಷನ್ನಿನ ಸೂಜಿಯ ಹಾಗೆ ಟೊಳ್ಳಲ್ಲ. ಪುಟ್ಟ ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ತುದಿಗೆ ಬೆರಳಿನಿಂದ ಒಂದು ಏಟು ಕೊಟ್ಟರೆ ಅದು ಒಳಗಿಳಿದಿರುತ್ತದೆ. ಸೊಂಟಕ್ಕಲ್ಲದೆ ಮಂಡಿಯ ಹಿಂದಿನ ಮಡಿಕೆಗೂ ಒಂದನ್ನು ಇಳಿಸಿ ಮೆಲ್ಲಗೆ ತಿರುಗಿಸುತ್ತ ವೈದ್ಯೆ ಕೇಳಿದರು: “ಅಮ್ಮಾ, ಭಾರ ಅನ್ನಿಸ್ತಾ ಇದ್ಯಾ?” ಅತ್ತಿಗೆ, “ನೋವಿಲ್ಲ ಡಾಕ್ಟ್ರೇ, ಒಳಗೆ ಜುಂ ಅಂತಿದೆ” ಎಂದರು. ಆ ಜುಮ್ಮೆನ್ನುವಿಕೆ ಬಂದರೇ ಸೂಜಿ ತಲುಪಿದ ಲೆಕ್ಕವಂತೆ. ಕೆಲವು ವಾರಗಳಲ್ಲಿ ಅವರ ನೋವು ನಿಜವಾಗಿಯೂ ಇಳಿಯಿತು.

ಆದರೆ ಇಳಿಸಿದ್ದು ಯಾವುದು? ಇದಕ್ಕೆ ನನಗೆ ತಿಳಿದಂತೆ ಅತ್ಯಂತ ಕುತೂಹಲಕರ ಉತ್ತರ ಸಿಕ್ಕಿದ್ದು 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ. ದೀರ್ಘಕಾಲದ ಸೊಂಟನೋವಿನ 1,162 ಮಂದಿಯಲ್ಲಿ ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುಗಳಲ್ಲದ ಕಡೆ ತೋರಿಕೆಗೆ ಮೇಲುಮೇಲಿನ ಸೂಜಿ, ಮೂರನೆಯದಕ್ಕೆ ಔಷಧ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಕೊಟ್ಟರು. ಆರು ತಿಂಗಳ ನಂತರ ಗುಣ ಕಂಡವರು ಕ್ರಮವಾಗಿ ಶೇ. 47.6, ಶೇ. 44.2 ಮತ್ತು ಶೇ. 27.4. ಎರಡೂ ಬಗೆಯ ಸೂಜಿಗಳು ರೂಢಿಯ ಚಿಕಿತ್ಸೆಯನ್ನು ಹಿಂದೆ ಹಾಕಿದವು, ಆದರೆ ಅವೆರಡರ ನಡುವಿನ ಅಂತರ ಲೆಕ್ಕಕ್ಕಿಡುವಷ್ಟಿರಲಿಲ್ಲ. ಸೂಜಿ ನರಗಳನ್ನು ಕೆಣಕಿದಾಗ ದೇಹ ತನ್ನದೇ ನೋವುನಿವಾರಕಗಳನ್ನು ಬಿಡುಗಡೆ ಮಾಡುತ್ತದೆ ಎಂಬ ವಾದವಿದೆ. ಅರ್ಧ ಗಂಟೆ ಅಲುಗಾಡದೆ ಮಲಗುವುದು, ಒಬ್ಬರು ಮೈಮುಟ್ಟಿ ನೋಡಿ ನೋವನ್ನು ವಿಚಾರಿಸುವುದು, ಗುಣವಾದೀತೆಂಬ ಭರವಸೆ, ಇವುಗಳ ಪಾಲೂ ಇದ್ದೇ ಇದೆ. ಅಡಿಕೆ ಸುಗ್ಗಿಯಲ್ಲಿ ನಮ್ಮ ಹೆಂಗಸರಿಗೆ ಅರ್ಧ ಗಂಟೆ ಸುಮ್ಮನೆ ಮಲಗಲು ಬಿಡುವವರಾದರೂ ಯಾರು?

ಜೊತೆಗೆ ನಡೆಯುವ ಇತರ ಚಿಕಿತ್ಸೆಗಳಲ್ಲಿ ಮಾಕ್ಸಾ ಎಂಬುದು ನಮ್ಮ ದವನದ ಕುಲಕ್ಕೇ ಸೇರಿದ ಗಿಡವೊಂದರ ಒಣ ಎಲೆಯನ್ನು ಸುತ್ತಿ, ಹೊತ್ತಿಸಿ, ಬಿಂದುವಿನ ಹತ್ತಿರ ಹಿಡಿದು ಕಾವು ಕೊಡುವ ಕ್ರಮ. ಚರ್ಮದ ಮೇಲೆಯೇ ಇಟ್ಟು ಸುಡುವ ರೂಢಿಯೂ ಇದೆ. ಮಕ್ಕಳಿಗೆ ಬರೆ ಹಾಕುವುದನ್ನು ಕಂಡವರು ಅದಕ್ಕೆ ಒಪ್ಪದಿರುವುದೇ ಒಳ್ಳೆಯದು. ಬಟ್ಟಲು ಕವುಚಿ ಚರ್ಮವನ್ನು ಎಳೆಯುವ ಕಪ್ಪಿಂಗ್ ನಮಗೇನೂ ಹೊಸತಲ್ಲ, ಸುಶ್ರುತ ಸಂಹಿತೆಯಲ್ಲೇ ರಕ್ತ ತೆಗೆಯಲು ಕೊಂಬು ಮತ್ತು ಸೋರೆಬುರುಡೆಯ ಬಳಕೆಯಿದೆ.

2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು. ಅಷ್ಟಕ್ಕೇ ಅದು ಎಲ್ಲ ರೋಗಕ್ಕೂ ಮದ್ದಾಗುವುದಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆಗಳ ಪಟ್ಟಿಯನ್ನೇ ಬರೆಸಿ, ನಡೆಯುತ್ತಿರುವ ಮಾತ್ರೆಯನ್ನು ಬಿಡಿ ಎನ್ನುವವರ ಕಡೆ ಹೋಗಬಾರದು. ಎದೆ, ಭುಜಗಳ ಮೇಲೆ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತು ಬಿದ್ದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ, ಶುದ್ಧಿಯಿಲ್ಲದ ಸೂಜಿಯಿಂದ ಕಾಮಾಲೆ ಹರಡಿದ್ದೂ ಉಂಟು. ಆದ್ದರಿಂದ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಲು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮಂಚ ಹತ್ತುವ ಮೊದಲೇ ತಿಳಿಸಿ. ಸೊಂಟನೋವಿನ ಜೊತೆ ಕಾಲು ಮರಗಟ್ಟುವುದು ಅಥವಾ ಮೂತ್ರದ ಹಿಡಿತ ತಪ್ಪುವುದು ಇದ್ದರೆ ಸೂಜಿಯ ಯೋಚನೆ ಬಿಟ್ಟು ಆ ದಿನವೇ ಮೂಳೆ ಅಥವಾ ನರದ ತಜ್ಞರನ್ನು ಕಾಣಿ.